ಮೊದಲು ಪ್ರತಿ, ಆಮೇಲೆ ದುರಸ್ತಿ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಕುರಿತು ಲೇಖನ ಬರೆದರೆ ಹುಬ್ಬೇರಿಸುವವರು ಇದ್ದೇ ಇರುತ್ತಾರೆ. ಚರಿತ್ರೆ, ಸಾಹಿತ್ಯ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಯಂತ್ರದ ಗೊಡವೆ ಏಕೆ, ಅದು ಕೆಟ್ಟರೆ ಪೇಟೆಯಲ್ಲಿ ದುರಸ್ತಿ ಮಾಡುವವರಿಲ್ಲವೆ ಎಂದು ಅವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಯಂತ್ರ ಕೆಟ್ಟಾಗ ನಷ್ಟವಾಗುವುದು ಯಂತ್ರವೊಂದೇ ಆಗಿದ್ದರೆ ನಾನೂ ಈ ವಿಷಯಕ್ಕೆ ಕೈಹಾಕುತ್ತಿರಲಿಲ್ಲ. ಆದರೆ ಇಂದು ನಮ್ಮ ಕಿರುಪ್ರಬಂಧಗಳು, ಕ್ಷೇತ್ರಕಾರ್ಯದ ಟಿಪ್ಪಣಿಗಳು, ಹಳ್ಳಿಗಳಲ್ಲಿ ಮುದ್ರಿಸಿಕೊಂಡು ಬಂದ ಹಾಡುಗಳು, ಅಧ್ಯಾಪಕರ ವರ್ಷಗಟ್ಟಲೆಯ ಪಾಠದ ಬರಹಗಳು ಎಲ್ಲವೂ ಆ ಅಂಗೈಯಗಲದ ಲೋಹದ ಪೆಟ್ಟಿಗೆಯೊಳಗೇ ಇವೆ. ಪೆಟ್ಟಿಗೆ ಯಾರದಾದರೂ ಆಗಲಿ, ಅದರೊಳಗಿನ ಬರಹ ನಮ್ಮದು. ಆದುದರಿಂದ ಅದರ ಯೋಗಕ್ಷೇಮವೂ ನಮ್ಮ ವಿಷಯವೇ ಹೌದು.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಹಾರ್ಡ್ ಡಿಸ್ಕು ದೋಷವನ್ನು ತೋರಿಸಿದಾಗ ನಾವು ಮಾಡಬೇಕಾದ ಮೊದಲನೆಯ ಕೆಲಸ ಅದನ್ನು ಸರಿಪಡಿಸುವುದಲ್ಲ. ಅದರಲ್ಲಿರುವುದನ್ನು ಬೇರೆಡೆಗೆ ಪ್ರತಿಮಾಡಿಕೊಳ್ಳುವುದು. ಇದು ಬಹಳ ಸರಳವಾದ ಮಾತೆಂದು ತೋರಬಹುದು. ಆದರೂ ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಇದಕ್ಕೆ ವಿರುದ್ಧವಾಗಿಯೇ ನಡೆದುಕೊಳ್ಳುವುದನ್ನು ನಾನು ಕಂಡಿದ್ದೇನೆ. ಅದಕ್ಕೆ ಕಾರಣವೇನು, ಅದರಿಂದಾಗುವ ಹಾನಿಯೇನು ಎಂಬುದನ್ನು ವಿವರಿಸಬೇಕಾದರೆ ಆ ಪೆಟ್ಟಿಗೆಯೊಳಗೆ ನಡೆಯುವುದೇನೆಂಬುದನ್ನು ಸ್ವಲ್ಪ ತಿಳಿಯಬೇಕಾಗುತ್ತದೆ.

ಹಾರ್ಡ್ ಡಿಸ್ಕು ಹುಟ್ಟಿದ್ದು 1956ರಲ್ಲಿ, ಎಂದರೆ ನಮ್ಮ ನಾಡು ಏಕೀಕರಣಗೊಂಡ ವರ್ಷದಲ್ಲಿಯೇ. ಅಮೆರಿಕದ ಐಬಿಎಂ ಸಂಸ್ಥೆಯು ‘ರಮಾಕ್’ ಎಂಬ ಕಂಪ್ಯೂಟರಿಗಾಗಿ ಅದನ್ನು ನಿರ್ಮಿಸಿತು. ಎರಡು ಅಡಿ ಅಗಲದ ಐವತ್ತು ತಟ್ಟೆಗಳನ್ನು ಒಂದರ ಮೇಲೊಂದು ಪೋಣಿಸಿದ, ಸುಮಾರು ಒಂದು ಟನ್ ತೂಕದ ಆ ಯಂತ್ರದಲ್ಲಿ 50 ಲಕ್ಷ ಅಕ್ಷರಗಳು ಹಿಡಿಯುತ್ತಿದ್ದವು. ಇಂದಿನ ಲೆಕ್ಕದಲ್ಲಿ ಅದು ನಾಲ್ಕು ಮೆಗಾಬೈಟಿಗೂ ಕಡಿಮೆ. ನಮ್ಮ ಜೇಬಿನ ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೆ ಸರಿಹೋದೀತು. ಇಂದು ಗಾತ್ರ ಕುಗ್ಗಿದೆ, ಸಂಗ್ರಹಶಕ್ತಿ ಲಕ್ಷಾಂತರ ಪಟ್ಟು ಹಿಗ್ಗಿದೆ. ಆದರೆ ತತ್ತ್ವ ಮಾತ್ರ ಅಂದಿನದೇ. ಕಾಂತೀಯ ಲೇಪವುಳ್ಳ ತಟ್ಟೆ ತಿರುಗುತ್ತದೆ; ಅದರ ಮೇಲೆ ಓದುವ ಬರೆಯುವ ‘ಹೆಡ್’ ಎಂಬ ಸಣ್ಣ ತುದಿ ಅತ್ತಿತ್ತ ಚಲಿಸುತ್ತದೆ.

ಹಿಂದಿನ ಗ್ರಾಮಫೋನಿನಲ್ಲಿ ಮುಳ್ಳು ತಟ್ಟೆಯನ್ನು ಮುಟ್ಟಿಕೊಂಡೇ ಓಡುತ್ತಿತ್ತು. ಇಲ್ಲಿ ಹಾಗಲ್ಲ. ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವಾಗ ಏಳುವ ಗಾಳಿಯ ಪದರದ ಮೇಲೆ ಹೆಡ್ ತೇಲುತ್ತಿರುತ್ತದೆ. ಅದಕ್ಕೂ ತಟ್ಟೆಗೂ ನಡುವೆ ಇರುವ ಅಂತರ ಕೆಲವೇ ನ್ಯಾನೋಮೀಟರುಗಳು. ನಮ್ಮ ತಲೆಗೂದಲಿನ ದಪ್ಪ 50 ಸಾವಿರದಿಂದ ಒಂದು ಲಕ್ಷ ನ್ಯಾನೋಮೀಟರುಗಳೆಂದರೆ ಈ ಅಂತರದ ಸೂಕ್ಷ್ಮತೆಯನ್ನು ಓದುಗರೇ ಊಹಿಸಿಕೊಳ್ಳಬಹುದು. ಒಂದು ಧೂಳಿನ ಕಣಕ್ಕೂ ಅಲ್ಲಿ ಎಡೆಯಿಲ್ಲ. ಓಡುತ್ತಿರುವ ಯಂತ್ರವನ್ನು ಮೇಜಿನ ಮೇಲೆ ದಬ್ಬಿದರೆ, ಎತ್ತಿ ಕುಕ್ಕಿದರೆ, ಹೆಡ್ ತಟ್ಟೆಗೆ ತಗುಲಿ ಲೇಪವನ್ನು ಕೆರೆದುಹಾಕಬಹುದು. ಹಾಗೆ ಕೆರೆದುಹೋದುದನ್ನು ಯಾವ ಪಂಡಿತನೂ ಮತ್ತೆ ಬರೆದುಕೊಡಲಾರ.

ಇನ್ನು ತಟ್ಟೆಯ ಮೇಲಿನ ಬರಹ. ಅದನ್ನು ‘ಸೆಕ್ಟರ್’ ಎಂಬ ಸಣ್ಣ ಸಣ್ಣ ಮನೆಗಳಾಗಿ ವಿಂಗಡಿಸಲಾಗಿದೆ. ಹಳೆಯ ಡಿಸ್ಕುಗಳಲ್ಲಿ ಒಂದೊಂದು ಮನೆಗೆ 512 ಬೈಟುಗಳು, ಹೊಸವುಗಳಲ್ಲಿ 4,096 ಬೈಟುಗಳು. ಯೂನಿಕೋಡಿನ ಬಳಕೆಯ ರೀತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು ಬೇಕು. ‘ಸ್ತ್ರೀ’ ಎಂಬ ಒಂದು ಅಕ್ಷರಕ್ಕೆ ಒತ್ತು, ದೀರ್ಘಗಳೆಲ್ಲ ಸೇರಿ ಆರು ಚಿಹ್ನೆಗಳು, ಅಂದರೆ 18 ಬೈಟುಗಳು ಆಗುತ್ತವೆ. ಈ ಲೆಕ್ಕದಂತೆ ಹೊಸ ಡಿಸ್ಕಿನ ಒಂದು ಮನೆಯಲ್ಲಿ 1,365 ಚಿಹ್ನೆಗಳು ಹಿಡಿಯುತ್ತವೆ. ಸರಿಸುಮಾರು ಒಂದು ಪುಟ ಕನ್ನಡವೆನ್ನೋಣ. ಒಂದು ಸೆಕ್ಟರ್ ಕೆಟ್ಟಿತೆಂದರೆ ಒಂದು ಹಾಳೆಯನ್ನು ಗೆದ್ದಲು ತಿಂದಂತೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಈಗಿನ ಕಡತಗಳನ್ನು ಒತ್ತಿ ಕಟ್ಟಿ ಇಟ್ಟಿರುವುದರಿಂದ ಒಂದು ಹಾಳೆ ಹೋದರೆ ಎಷ್ಟೋ ವೇಳೆ ಇಡೀ ಪುಸ್ತಕವೇ ತೆರೆಯಲು ಒಪ್ಪುವುದಿಲ್ಲ.

ಡಿಸ್ಕು ಇಂತಹ ಕೆಟ್ಟ ಮನೆಯನ್ನು ಕಂಡಾಗ ಏನು ಮಾಡುತ್ತದೆ? ಮೊದಲು ಮತ್ತೆ ಮತ್ತೆ ಓದಲು ಯತ್ನಿಸುತ್ತದೆ. ಪ್ರತಿಯೊಂದು ಮನೆಯ ಜೊತೆಗೂ ತಪ್ಪು ತಿದ್ದುವ ಹೆಚ್ಚುವರಿ ಸಂಕೇತವೊಂದನ್ನು ಬರೆದಿಟ್ಟಿರುತ್ತಾರೆ. ಅದರ ನೆರವಿನಿಂದ ಸಣ್ಣಪುಟ್ಟ ಲೋಪಗಳು ನಮಗೆ ತಿಳಿಯದಂತೆಯೇ ಸರಿಯಾಗುತ್ತವೆ. ಅದೂ ಸಾಗದಿದ್ದರೆ ಆ ಮನೆಯನ್ನು ‘ತೀರ್ಮಾನವಾಗಬೇಕಾದುದು’ ಎಂದು ಗುರುತು ಹಾಕಿ ಕಾಯುತ್ತದೆ. ಕಾಯುವುದು ಯಾವುದಕ್ಕೆ? ಆ ಮನೆಯ ಮೇಲೆ ಯಾರಾದರೂ ಹೊಸದಾಗಿ ಬರೆಯಲೆಂದು. ಹಾಗೆ ಬರೆದಾಗ, ಮನೆ ನಿಜವಾಗಿಯೂ ಕೆಟ್ಟಿದ್ದರೆ, ಅದಕ್ಕೆ ಬದಲಾಗಿ ಕಾದಿರಿಸಿದ ಮನೆಗಳಲ್ಲಿ ಒಂದನ್ನು ಒದಗಿಸಿಕೊಂಡು ಹಳೆಯದನ್ನು ಲೆಕ್ಕದಿಂದ ತೆಗೆದುಬಿಡುತ್ತದೆ.

ಈ ಒಂದು ಸಂಗತಿಯನ್ನು ಓದುಗರು ಗಮನವಿಟ್ಟು ನೋಡಬೇಕೆಂದು ನನ್ನ ಪ್ರಾರ್ಥನೆ. ‘ಫಾರ್ಮ್ಯಾಟ್ ಮಾಡಿದೆ, ಸರಿಹೋಯಿತು’ ಎಂದು ನಾವು ದಿನವೂ ಕೇಳುವ ಮಾತಿನ ರಹಸ್ಯ ಇಲ್ಲಿದೆ. ಪೂರ್ಣ ಫಾರ್ಮ್ಯಾಟ್ ಎಂದರೆ ಎಲ್ಲ ಮನೆಗಳ ಮೇಲೂ ಸೊನ್ನೆಗಳನ್ನು ಬರೆಯುವುದು. ಸೊನ್ನೆ ಬರೆದೊಡನೆ ಕೆಟ್ಟ ಮನೆಗಳಿಗೆ ಬದಲಿ ಮನೆಗಳು ಬರುತ್ತವೆ, ದೋಷದ ಸಂದೇಶ ನಿಲ್ಲುತ್ತದೆ, ಡಿಸ್ಕು ಹೊಸದರಂತೆ ಓಡುತ್ತದೆ. ಅದರಲ್ಲಿದ್ದ ಬರಹ? ಅದು ಸೊನ್ನೆಯಾಗಿದೆ. ರೋಗವೂ ಹೋಯಿತು, ರೋಗಿಯೂ ಹೋದ. ದುರಸ್ತಿಗಾರನು ಸುಳ್ಳು ಹೇಳಿದನೆಂದು ನಾನು ಹೇಳುವುದಿಲ್ಲ. ಯಂತ್ರ ಓಡಿದರೆ ಅವನ ಕೆಲಸ ಮುಗಿಯಿತು. ಬರಹ ಉಳಿದರೆ ಮಾತ್ರ ನಮ್ಮ ಕೆಲಸ ಮುಗಿಯುತ್ತದೆ. ಅವನ ಅಳತೆಗೋಲು ಬೇರೆ, ನಮ್ಮ ಅಳತೆಗೋಲು ಬೇರೆ. ಈ ಭೇದವನ್ನು ಅರಿಯದೆ ಅವನ ಕೈಗೆ ಪೆಟ್ಟಿಗೆಯನ್ನು ಒಪ್ಪಿಸಿ ‘ಸರಿಮಾಡಿ ಕೊಡಿ’ ಎಂದು ಹೇಳುವುದೇ ಅನರ್ಥಕ್ಕೆ ಮೂಲ.

ದೋಷಗಳೆಲ್ಲ ಒಂದೇ ಬಗೆಯವೂ ಅಲ್ಲ. ಜ್ವರವೆಂದರೆ ಒಂದೇ ರೋಗವೆಂದು ತಿಳಿಯುವ ವೈದ್ಯ ಹೇಗೋ, ಡಿಸ್ಕ್ ದೋಷವೆಂದರೆ ಒಂದೇ ಎಂದು ತಿಳಿಯುವವನೂ ಹಾಗೆಯೇ. ಮೊದಲನೆಯದಾಗಿ, ತಪ್ಪು ಡಿಸ್ಕಿನದೇ ಅಲ್ಲದಿರಬಹುದು. ಅದನ್ನು ಜೋಡಿಸುವ ಕೇಬಲ್ ಸಡಿಲವಾಗಿರಬಹುದು. ಎರಡನೆಯದಾಗಿ, ಬರಹ ಸರಿಯಾಗಿಯೇ ಇದ್ದು ಅದರ ವಿಷಯಸೂಚಿ ಮಾತ್ರ ಕೆಟ್ಟಿರಬಹುದು. ಬರೆಯುತ್ತಿರುವಾಗಲೇ ವಿದ್ಯುತ್ತು ಹೋಗುವ ನಮ್ಮ ಊರುಗಳಲ್ಲಿ ಇದು ಅಪರೂಪವಲ್ಲ. ಮೂರನೆಯದಾಗಿ, ತಟ್ಟೆಯ ಮೇಲ್ಮೈ ನಿಜವಾಗಿಯೂ ಸವೆದಿರಬಹುದು. ನಾಲ್ಕನೆಯದಾಗಿ, ಹೆಡ್ಡೇ ಮುರಿದಿರಬಹುದು. ಆಗ ಪೆಟ್ಟಿಗೆಯೊಳಗಿಂದ ಟಕ್ ಟಕ್ ಎಂದು ಒಂದೇ ಸಮನೆ ಸದ್ದು ಕೇಳಿಸುತ್ತದೆ. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ವಿಷ.

ಅದೃಷ್ಟವಶಾತ್ ಡಿಸ್ಕು ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದೆ. ಇದಕ್ಕೆ ‘ಸ್ಮಾರ್ಟ್’ ದಾಖಲೆಯೆಂದು ಹೆಸರು. ಇದನ್ನು ಓದಿ ತೋರಿಸುವ ಉಚಿತ ತಂತ್ರಾಂಶಗಳು ಹಲವು ಇವೆ. ಅದರಲ್ಲಿನ ಸಾಲುಗಳೆಲ್ಲವನ್ನೂ ತಿಳಿಯಬೇಕಾಗಿಲ್ಲ. ನಾಲ್ಕು ಸಂಖ್ಯೆಗಳನ್ನು ನೆನಪಿಟ್ಟರೆ ಸಾಕು. 5ನೆಯ ಸಾಲು ಬದಲಿ ಮನೆ ಪಡೆದವುಗಳ ಎಣಿಕೆ. 197ನೆಯದು ತೀರ್ಮಾನಕ್ಕಾಗಿ ಕಾಯುತ್ತಿರುವವುಗಳ ಎಣಿಕೆ. 198ನೆಯದು ಪರೀಕ್ಷೆಯಲ್ಲಿ ತಿದ್ದಲಾಗದೆ ಉಳಿದವು. 199ನೆಯದು ಡಿಸ್ಕಿಗೂ ಕಂಪ್ಯೂಟರಿಗೂ ನಡುವಣ ಸಾಗಣೆಯಲ್ಲಿ ಆದ ತಪ್ಪುಗಳು. ಕೊನೆಯದೊಂದೇ ಏರುತ್ತಿದ್ದರೆ ಕೇಬಲನ್ನು ಬದಲಿಸಿ ನೋಡಬೇಕು. ಬಹುಮಟ್ಟಿಗೆ ಕೆಲವೇ ರೂಪಾಯಿಗಳಲ್ಲಿ ಕೆಲಸ ಮುಗಿಯುತ್ತದೆ. ಮೊದಲ ಮೂರರಲ್ಲಿ ಯಾವುದಾದರೂ ಸೊನ್ನೆಯನ್ನು ಬಿಟ್ಟು ಮೇಲೆದ್ದಿದ್ದರೆ ಆ ಡಿಸ್ಕಿನ ಮೇಲೆ ಭರವಸೆಯಿಡುವ ಕಾಲ ಮುಗಿಯಿತೆಂದೇ ತಿಳಿಯಬೇಕು.

ಇದು ನನ್ನ ಊಹೆಯಲ್ಲ. ಗೂಗಲ್ ಸಂಸ್ಥೆಯ ಮೂವರು ತಂತ್ರಜ್ಞರು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಮೇಲ್ಮೈಯ ಪರೀಕ್ಷೆಯಲ್ಲಿ ಮೊದಲನೆಯ ದೋಷವನ್ನು ತೋರಿಸಿದ ಡಿಸ್ಕು, ದೋಷವಿಲ್ಲದ ಡಿಸ್ಕಿಗಿಂತ ಮುಂದಿನ 60 ದಿನಗಳಲ್ಲಿ ಸಾಯುವ ಸಂಭವ 39 ಪಟ್ಟು ಹೆಚ್ಚೆಂದು ಅವರು ಕಂಡುಕೊಂಡರು. ಅದೇ ಪ್ರಬಂಧದ ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯವಾದುದು. ಸತ್ತ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ಅವರು ಪ್ರಬಲವೆಂದು ಎಣಿಸಿದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರಿಸದೆಯೇ ಸತ್ತಿದ್ದವು. ಎಂದರೆ, ಎಚ್ಚರಿಕೆ ಬಂದರೆ ಕೂಡಲೇ ಓಡಬೇಕು. ಎಚ್ಚರಿಕೆ ಬಾರದಿದ್ದರೆ ನೆಮ್ಮದಿಯಿಂದ ಮಲಗುವಂತೆಯೂ ಇಲ್ಲ. ಈ ಎರಡು ಮಾತುಗಳನ್ನು ಕೂಡಿಸಿದರೆ ಹೊರಡುವ ತೀರ್ಮಾನ ಒಂದೇ: ಪ್ರತಿ ಇರಬೇಕು.

ನಮ್ಮ ಕಾಲೇಜಿನಲ್ಲಿಯೇ ನಡೆದ ಒಂದು ಪ್ರಸಂಗವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. 2018ರಲ್ಲಿ ನಮಗಿಂತ ಹಿಂದಿನ ವಿದ್ಯಾರ್ಥಿಗಳು ಸುತ್ತಲಿನ ಹಳ್ಳಿಗಳಿಗೆ ಹೋಗಿ ಬೀಸುವ ಪದ, ಸೋಬಾನೆ ಪದ, ಹಂತಿಯ ಹಾಡುಗಳನ್ನು ಹಿರಿಯರ ಬಾಯಿಂದ ಹಾಡಿಸಿ ಧ್ವನಿಮುದ್ರಿಸಿಕೊಂಡು ಬಂದಿದ್ದರು. ಒಟ್ಟು 63 ಮುದ್ರಿಕೆಗಳು. ಅವೆಲ್ಲ ವಿಭಾಗದ ಒಂದೇ ಕಂಪ್ಯೂಟರಿನಲ್ಲಿದ್ದವು. 2023ರ ಆಗಸ್ಟಿನಲ್ಲಿ ಆ ಕಂಪ್ಯೂಟರು ಒಂದು ಕಡತವನ್ನು ತೆರೆಯಲು ಹತ್ತು ನಿಮಿಷ ತೆಗೆದುಕೊಳ್ಳತೊಡಗಿತು. ಆಮೇಲೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ ಎಂದು ಅದೇ ಕೇಳತೊಡಗಿತು. ಕೋಣೆಯಲ್ಲಿ ನೆರೆದವರಲ್ಲಿ ಮೂರು ಪಕ್ಷಗಳಾದವು. ‘ಕೇಳುತ್ತಿದೆಯಲ್ಲ, ಹೌದೆನ್ನಿ’ ಎಂದಿತು ಒಂದು ಪಕ್ಷ. ‘ಚೆಕ್‌ಡಿಸ್ಕ್ ಓಡಿಸಿ’ ಎಂದಿತು ಇನ್ನೊಂದು. ಕರೆಸಿದ್ದ ದುರಸ್ತಿಗಾರನು ‘ಸಂಜೆಯೊಳಗೆ ಹೊಸದರ ಹಾಗೆ ಮಾಡಿಕೊಡುತ್ತೇನೆ’ ಎಂದನು. ಅಷ್ಟರಲ್ಲಿ ಒಳಗೆ ಬಂದ ಅಧ್ಯಾಪಕರೊಬ್ಬರು ಯಾರ ಮಾತಿಗೂ ಉತ್ತರಿಸದೆ ಯಂತ್ರವನ್ನು ನಿಲ್ಲಿಸಿ, ‘ಹಾಡುಗಳು ಹೊರಗೆ ಬರುವವರೆಗೆ ಇದನ್ನು ಯಾರೂ ಮುಟ್ಟಬೇಡಿ’ ಎಂದರು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಬಂದು ಡಿಸ್ಕನ್ನು ಹೊರತೆಗೆದು ಬೇರೊಂದು ಕಂಪ್ಯೂಟರಿಗೆ ಜೋಡಿಸಿದರು. ‘ಡಿಡಿ-ರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶದಿಂದ ಅದರ ಸಂಪೂರ್ಣ ಪ್ರತಿಬಿಂಬವನ್ನು ಹೊಸ ಡಿಸ್ಕಿಗೆ ಇಳಿಸಲು ಹತ್ತಿದರು. ಈ ತಂತ್ರಾಂಶದ ನಡೆ ವಿವೇಕದ್ದು. ಸುಲಭವಾಗಿ ಓದಲು ಬರುವುದನ್ನೆಲ್ಲ ಅದು ಮೊದಲು ತೆಗೆದುಕೊಳ್ಳುತ್ತದೆ. ತೊಡಕಿನ ಜಾಗ ಬಂದರೆ ಹಟ ಹಿಡಿಯದೆ ದಾಟಿ ಮುಂದೆ ಹೋಗುತ್ತದೆ. ಕೊನೆಗೆ ಹಿಂದಿರುಗಿ ಬಿಟ್ಟುದನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಳ್ಳುತ್ತದೆ. ಎಲ್ಲಿಯವರೆಗೆ ಬಂದೆನೆಂಬುದನ್ನು ಒಂದು ನಕ್ಷೆಯಲ್ಲಿ ಬರೆದುಕೊಳ್ಳುವುದರಿಂದ ನಡುವೆ ವಿದ್ಯುತ್ತು ಹೋದರೂ ಮೊದಲಿಂದ ಆರಂಭಿಸಬೇಕಾಗಿಲ್ಲ. ಮೂರು ದಿನಗಳ ಬಳಿಕ 59 ಮುದ್ರಿಕೆಗಳು ಕೈಗೆ ಬಂದವು. ನಾಲ್ಕು ಬರಲಿಲ್ಲ. ಆ ನಾಲ್ಕರಲ್ಲಿ ಒಂದು, ಬೀಸುವ ಪದಗಳನ್ನು ಒಂದೂವರೆ ಗಂಟೆ ಹಾಡಿದ್ದ ಒಬ್ಬ ಅಜ್ಜಿಯದು. ಮತ್ತೆ ಹಾಡಿಸಿಕೊಳ್ಳೋಣವೆಂದು ಊರಿಗೆ ಹೋದ ಗೆಳೆಯರಿಗೆ, ಅವರು ತೀರಿಕೊಂಡು ಎರಡು ವರ್ಷವಾಯಿತೆಂದು ತಿಳಿಯಿತು. ಮನೆಯವರು, ಆ ಧ್ವನಿ ನಿಮ್ಮಲ್ಲಾದರೂ ಇದೆಯೇ ಎಂದು ಇವರನ್ನೇ ಕೇಳಿದರಂತೆ. ಡಿಸ್ಕಿಗೆ ಬೆಲೆ ಕಟ್ಟಬಹುದು. ಇದಕ್ಕೆ ಬೆಲೆ ಕಟ್ಟುವವರು ಯಾರು?

ಚೆಕ್‌ಡಿಸ್ಕನ್ನು ಏಕೆ ಬೇಡವೆಂದರು ಎಂದು ಕೆಲವರು ಕೇಳಬಹುದು. ವಿಂಡೋಸಿನೊಡನೆಯೇ ಬರುವ ಈ ಸಾಧನ ಕೆಟ್ಟದ್ದೇನೂ ಅಲ್ಲ. ವಿದ್ಯುತ್ತು ಹೋಗಿ ವಿಷಯಸೂಚಿ ಕೆಟ್ಟಾಗ ಅದು ಉಪಕಾರಿಯೇ. ಆದರೆ ಅದರ ಕೆಲಸ ಸೂಚಿಯನ್ನು ಒಪ್ಪವಾಗಿಡುವುದು, ಬರಹವನ್ನು ಕಾಪಾಡುವುದಲ್ಲ. ಸೂಚಿಗೆ ಹೊಂದದ ತುಣುಕುಗಳನ್ನು ಅದು ಹೆಸರಿಲ್ಲದ ಕಡತಗಳನ್ನಾಗಿ ಒಂದು ಮೂಲೆಗೆ ಒಟ್ಟಿಬಿಡುತ್ತದೆ, ಇಲ್ಲವೆ ಲೆಕ್ಕದಿಂದ ಬಿಟ್ಟುಬಿಡುತ್ತದೆ. ಅಲ್ಲದೆ ಅದು ಡಿಸ್ಕಿನ ಮೇಲೆ ಬರೆಯುತ್ತದೆ. ಮೇಲ್ಮೈ ಸವೆದ ಡಿಸ್ಕಿನ ಮೇಲೆ ಅದನ್ನು ಗಂಟೆಗಟ್ಟಲೆ ಓಡಿಸುವುದೆಂದರೆ ಉಸಿರು ಹಿಡಿದು ಮಲಗಿರುವವನನ್ನು ಎಬ್ಬಿಸಿ ಮೆಟ್ಟಿಲು ಹತ್ತಿಸಿದಂತೆ. ಪ್ರತಿ ಕೈಗೆ ಬಂದ ಮೇಲೆ ಅದನ್ನು ಧಾರಾಳವಾಗಿ ಓಡಿಸಲಿ, ಪ್ರತಿಯ ಮೇಲೆಯೇ ಓಡಿಸಲಿ; ನನ್ನ ಆಕ್ಷೇಪಣೆಯಿಲ್ಲ.

ಆದುದರಿಂದ ನನ್ನ ಮನಸ್ಸಿಗೆ ಸರಿಕಂಡ ಕ್ರಮವನ್ನು ಹೇಳುತ್ತೇನೆ. ದೋಷ ಕಂಡೊಡನೆ ಆ ಡಿಸ್ಕಿನ ಮೇಲೆ ಏನನ್ನೂ ಬರೆಯುವುದನ್ನು ನಿಲ್ಲಿಸಬೇಕು. ಫಾರ್ಮ್ಯಾಟ್ ಮಾಡಲೇ ಎಂದು ಯಂತ್ರ ಕೇಳಿದರೆ ಬೇಡವೆನ್ನಬೇಕು. ಕಿವಿಗೊಟ್ಟು ಕೇಳಬೇಕು, ಟಕ್ ಟಕ್ ಸದ್ದಿದ್ದರೆ ಕೂಡಲೇ ನಿಲ್ಲಿಸಬೇಕು, ಮತ್ತೆ ಮತ್ತೆ ಹಚ್ಚಿ ನೋಡಬಾರದು. ಅಂತಹ ಡಿಸ್ಕನ್ನು ಧೂಳಿಲ್ಲದ ವಿಶೇಷ ಕೋಣೆಯುಳ್ಳ ತಜ್ಞರು ಮಾತ್ರವೇ ತೆರೆಯಬಲ್ಲರು. ಮನೆಯಲ್ಲಿ ತಿರುಪು ಬಿಚ್ಚುವುದು, ಶೀತಪೆಟ್ಟಿಗೆಯಲ್ಲಿಟ್ಟು ತೆಗೆಯುವುದು ಮೊದಲಾದ ಪವಾಡಗಳನ್ನು ನಂಬಬಾರದು. ತಣ್ಣಗಾದ ತಟ್ಟೆಯ ಮೇಲೆ ತೇವ ಕೂತರೆ ಉಳಿದದ್ದೂ ಹೋಗುತ್ತದೆ. ಸದ್ದಿಲ್ಲದಿದ್ದರೆ ಸ್ಮಾರ್ಟ್ ದಾಖಲೆಯನ್ನು ಓದಬೇಕು. ಬಳಿಕ, ಮತ್ತೆಲ್ಲಿಯೂ ಸಿಗದಂತಹುದನ್ನು ಮೊದಲು, ಸಿಗಬಹುದಾದುದನ್ನು ಆಮೇಲೆ, ಎಂಬ ಕ್ರಮದಲ್ಲಿ ಪ್ರತಿಮಾಡಿಕೊಳ್ಳಬೇಕು. ಸಿನಿಮಾಗಳು ಕೊನೆಗೆ ಬರಲಿ, ಅಥವಾ ಬಾರದೆಯೇ ಹೋಗಲಿ. ಇಷ್ಟಾದ ಮೇಲೆ ಕೇಬಲ್, ಚೆಕ್‌ಡಿಸ್ಕ್, ಫಾರ್ಮ್ಯಾಟ್ ಎಲ್ಲವೂ ಆಗಬಹುದು.

ಹೊಸ ಮಾದರಿಯ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಅದಕ್ಕೆ ಈ ಭಯವಿಲ್ಲವೆಂದು ಕೆಲವರು ಹೇಳುತ್ತಾರೆ. ತಟ್ಟೆಯಿಲ್ಲ ನಿಜ, ಸದ್ದೂ ಇಲ್ಲ. ಆದುದರಿಂದಲೇ ಅದು ಕೆಡುವಾಗ ಕಿವಿಗೆ ಸೂಚನೆಯೂ ಸಿಗುವುದಿಲ್ಲ. ನಿನ್ನೆ ಇದ್ದದ್ದು ಇಂದು ಕಾಣದಾಗಬಹುದು. ಅಲ್ಲಿ ಅಳಿಸಿದ ಕಡತದ ಜಾಗವನ್ನು ಯಂತ್ರವೇ ಬೇಗ ತೊಳೆದುಬಿಡುವುದರಿಂದ ಅಳಿದುದನ್ನು ಮರಳಿ ಪಡೆಯುವುದು ಇನ್ನೂ ಕಷ್ಟ. ಎಲ್ಲವನ್ನೂ ಅಂತರಜಾಲದ ಕಣಜದಲ್ಲಿಟ್ಟರಾಯಿತೆನ್ನುವವರೂ ಇದ್ದಾರೆ. ಒಳ್ಳೆಯದೇ, ಒಂದು ಪ್ರತಿ ಅಲ್ಲಿರಲಿ. ಆದರೆ ಆ ಖಾತೆ ಯಾರ ಹೆಸರಿನಲ್ಲಿದೆ? ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕರಿಗೆ ವರ್ಗಾವಣೆ ತಪ್ಪಿದ್ದಲ್ಲ. ಖಾತೆ ಅವರ ಸ್ವಂತದ್ದಾದರೆ ಅವರೊಡನೆ ಗುಪ್ತಪದವೂ ವರ್ಗವಾಗಿ ಹೋಗುತ್ತದೆ. ಖಾತೆ ವಿಭಾಗದ ಹೆಸರಿನಲ್ಲಿರಬೇಕು, ಇಬ್ಬರಿಗಾದರೂ ಅದರ ಕೀಲಿ ತಿಳಿದಿರಬೇಕು.

ಇನ್ನು ಹಣದ ಪ್ರಶ್ನೆ. ಬಡ ಕಾಲೇಜಿಗೆ ಇದೆಲ್ಲ ಹೇಗೆ ಸಾಧ್ಯವೆಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಹೊರಗಿನಿಂದ ಜೋಡಿಸುವ ಒಂದು ಡಿಸ್ಕಿಗೆ ತಗಲುವುದು ಕೆಲವು ಸಾವಿರ ರೂಪಾಯಿ. ವಾರ್ಷಿಕೋತ್ಸವದ ಶಾಮಿಯಾನಕ್ಕೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಕೆಟ್ಟ ಡಿಸ್ಕಿನಿಂದ ಬರಹವನ್ನು ಹೊರತೆಗೆಸಲು ತಜ್ಞರ ಬಳಿಗೆ ಹೋದರೆ ಇದರ ಹಲವು ಪಟ್ಟು ಕೇಳುತ್ತಾರೆ. ಸಿಕ್ಕೀತೆಂಬ ಭರವಸೆಯನ್ನೂ ಕೊಡುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಖರ್ಚು ಯಾವಾಗಲೂ ದುಬಾರಿಯೇ.

ಪ್ರತಿ ಮಾಡುವುದರ ಮಹಿಮೆಯನ್ನು ಕನ್ನಡಿಗರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕವಿರಾಜಮಾರ್ಗದಿಂದ ಮೊದಲುಗೊಂಡು ನಮ್ಮ ಹಳಗನ್ನಡ ಕೃತಿಗಳಲ್ಲಿ ಯಾವುದೂ ಕವಿಯ ಕೈಬರಹದಲ್ಲಿ ನಮಗೆ ಬಂದಿಲ್ಲ. ಗರಿ ಸವೆಯುವುದಕ್ಕೆ ಮೊದಲೇ ಇನ್ನೊಂದು ಗರಿಗೆ ಎತ್ತಿಕೊಂಡ ಲಿಪಿಕಾರರ ಕೈಯಿಂದ ಕೈಗೆ ದಾಟಿ ಬಂದಿವೆ. ಗರಿ ಮುರಿದ ಮೇಲೆ ಹೊಲಿದು ಕೂಡಿಸುವೆನೆಂದು ಅವರು ಕಾಯಲಿಲ್ಲ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ನಮ್ಮ ಸಾಹಿತ್ಯ ಚರಿತ್ರೆಯ ತರಗತಿಯಲ್ಲಿ ಎಲ್ಲರೂ ಓದಿದ್ದೇವೆ. ಅದನ್ನು ಒಂದು ದಾನವೆಂದು ಓದಿ ಮುಂದೆ ಹೋಗುತ್ತೇವೆ. ಆದರೆ ಅದೇ ಪೊನ್ನನ ಭುವನೈಕರಾಮಾಭ್ಯುದಯ ಇಂದು ದೊರೆಯುವುದಿಲ್ಲ. ರನ್ನನ ಪರಶುರಾಮಚರಿತವೂ ದೊರೆಯುವುದಿಲ್ಲ. ಶಾಂತಿಪುರಾಣ ನಮ್ಮ ಗ್ರಂಥಾಲಯದ ಕಪಾಟಿನಲ್ಲಿದೆ. ಉಳಿದುದಕ್ಕೂ ಅಳಿದುದಕ್ಕೂ ಕಾರಣಗಳು ಹಲವಿರಬಹುದು. ಸಾವಿರ ಕಡೆ ಇದ್ದುದಕ್ಕೆ ಉಳಿಯುವ ಅವಕಾಶ ಸಾವಿರ ಎಂಬುದನ್ನಂತೂ ಅಲ್ಲಗಳೆಯುವಂತಿಲ್ಲ. ಒಂದು ಸಾವಿರ ಪ್ರತಿಗೆ ಆಕೆಗೆ ಎಷ್ಟು ಮಂದಿ ಲಿಪಿಕಾರರು, ಎಷ್ಟು ತಿಂಗಳು ಬೇಕಾಯಿತೋ! ನಮಗೆ ಬೇಕಾಗುವುದು ಎರಡು ಪ್ರತಿ, ಒಂದು ಮಧ್ಯಾಹ್ನ.

ಪ್ರತಿ ಮಾಡಿದರಷ್ಟೇ ಸಾಲದು, ಅದು ತೆರೆಯುತ್ತದೆಯೇ ಎಂದು ನೋಡಬೇಕು. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಚಿತ್ರದ ಬಹುಭಾಗ ಒಂದು ತಪ್ಪು ಆಜ್ಞೆಯಿಂದ ಅಳಿಸಿಹೋಯಿತು. ಪ್ರತಿ ತೆಗೆಯುವ ಏರ್ಪಾಟು ಇತ್ತು. ಆದರೆ ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲವೆಂಬುದು ಆಗಲೇ ತಿಳಿದದ್ದು. ಹಸುಗೂಸಿನ ಆರೈಕೆಗಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್‌ಮನ್ ಎಂಬವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯೊಂದರಿಂದ ಚಿತ್ರ ಉಳಿಯಿತು. ಅಷ್ಟು ದೊಡ್ಡ ಸಂಸ್ಥೆಯ ಗತಿಯೇ ಹೀಗಾದರೆ ನಮ್ಮ ಪಾಡೇನು?

ಕೊನೆಯದಾಗಿ ಪ್ರಾಚಾರ್ಯರಲ್ಲಿಯೂ ಅಧ್ಯಾಪಕ ವರ್ಗದಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನದೊಂದು ವಿನಂತಿ. ಪ್ರತಿಯೊಂದು ವಿಭಾಗವೂ ತನ್ನಲ್ಲಿರುವ, ಮತ್ತೆ ಸಂಪಾದಿಸಲಾಗದ ಸಾಮಗ್ರಿಯ ಪಟ್ಟಿಯೊಂದನ್ನು ಮಾಡಲಿ. ಅದರ ಮೂರು ಪ್ರತಿಗಳಿರಲಿ: ಒಂದು ವಿಭಾಗದಲ್ಲಿ, ಒಂದು ಗ್ರಂಥಾಲಯದ ಬೀರುವಿನಲ್ಲಿ, ಒಂದು ಕಾಲೇಜಿನ ಹೊರಗೆ. ತಿಂಗಳ ಮೊದಲನೆಯ ಶನಿವಾರ ಇಬ್ಬರು ವಿದ್ಯಾರ್ಥಿಗಳು ಹೊಸದಾಗಿ ಸೇರಿದುದನ್ನು ಪ್ರತಿಮಾಡಿ ಪುಸ್ತಕದಲ್ಲಿ ಸಹಿ ಹಾಕಲಿ. ಮಹಾನವಮಿಯ ಆಯುಧಪೂಜೆಗೆ ನಾವು ಕಂಪ್ಯೂಟರುಗಳನ್ನು ಒರೆಸಿ, ಕುಂಕುಮವಿಟ್ಟು, ಹೂ ಮುಡಿಸಿ ಮಂಗಳಾರತಿ ಎತ್ತುತ್ತೇವೆ. ಆ ಸಂಪ್ರದಾಯವನ್ನು ನಾನು ಹಾಸ್ಯಮಾಡುವವನಲ್ಲ. ಆ ದಿನ ಬೆಳಿಗ್ಗೆ, ಪೂಜೆಗೆ ಮೊದಲು, ಬೀರುವಿನಲ್ಲಿರುವ ಪ್ರತಿಯನ್ನು ಹೊರತೆಗೆದು ಜೋಡಿಸಿ, ನಾಲ್ಕು ಕಡತಗಳನ್ನು ತೆರೆದು ಓದಿ, ಸ್ಮಾರ್ಟ್ ದಾಖಲೆಯ ಆ ನಾಲ್ಕು ಸಾಲುಗಳನ್ನು ಗೋಡೆಯ ಮೇಲಿನ ಹಾಳೆಯಲ್ಲಿ ಬರೆದಿಡುವ ಪದ್ಧತಿಯನ್ನೂ ಸೇರಿಸಿಕೊಳ್ಳೋಣ ಎಂಬುದಷ್ಟೇ ನನ್ನ ಸೂಚನೆ. ಉಳಿದ 59 ಹಾಡುಗಳಿಗೆ ಈಗ ಎರಡು ಪ್ರತಿಗಳಿವೆ. ಮೂರನೆಯದಕ್ಕೆ ಒಂದು ಡಿಸ್ಕು ಬೇಕಾಗಿದೆ. ಮುಂದಿನ ವರ್ಷದ ಆಯವ್ಯಯ ಪಟ್ಟಿಯಲ್ಲಿ ಅದಕ್ಕೊಂದು ಸಾಲನ್ನು ದಯವಿಟ್ಟು ಸೇರಿಸಬೇಕು.